ಬೇರೆ ಬೇರೆ ನೀರು, ಒಂದೇ ಪಟ್ಟಿ: ಕಯಾಕ್ ಬಾಸ್ ಸ್ಪರ್ಧಿಗಳ ರ್‍ಯಾಂಕಿಂಗ್‌ಗೆ ಯಾವ ಲೆಕ್ಕ ಆರಿಸಬೇಕು?

ಕಯಾಕ್ ಅನ್ನುವ ಕಿರುದೋಣಿಯಲ್ಲಿ ಕೂತು, ಬಾಸ್ ಅನ್ನುವ ಸಿಹಿನೀರಿನ ಮೀನು ಹಿಡಿದು, ಅದರ ಉದ್ದ ಅಳೆದು ಸ್ಪರ್ಧಿಸುವ ಆಟ ಅಮೆರಿಕದಲ್ಲಿದೆ. ಅಲಬಾಮಾದ ಗಂಟರ್ಸ್‌ವಿಲ್ ಜಲಾಶಯದಲ್ಲಿ ಒಬ್ಬರು ಐದು ಮೀನು ಸೇರಿಸಿ 88 ಇಂಚು ತಂದರು ಅಂತಿಟ್ಟುಕೊಳ್ಳಿ. ಅದೇ ವಾರ ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾ ನದಿಯಲ್ಲಿ ಇನ್ನೊಬ್ಬರು 82 ಇಂಚು ತಂದರು. ಇಬ್ಬರಲ್ಲಿ ಯಾರು ಮೇಲು? ಬರೀ ಈ ಎರಡು ಸಂಖ್ಯೆ ಇಟ್ಟುಕೊಂಡು ಹೇಳಲು ಆಗುವುದಿಲ್ಲ. ಒಂದು ಕಡೆ ಜೊಂಡು ತುಂಬಿದ ನಿಂತ ನೀರು, ಲಾರ್ಜ್‌ಮೌತ್ ಬಾಸ್. ಇನ್ನೊಂದು ಕಡೆ ಬಂಡೆಗಳ ನಡುವೆ ಹರಿಯುವ ನೀರು, ಸ್ಮಾಲ್‌ಮೌತ್ ಬಾಸ್. ಚಿನ್ನಸ್ವಾಮಿ ಮೈದಾನದಲ್ಲಿ ಹೊಡೆದ 60 ರನ್ನನ್ನೂ ಚೆಪಾಕ್‌ನ ತಿರುಗುವ ಪಿಚ್‌ನಲ್ಲಿ ಹೊಡೆದ 60 ರನ್ನನ್ನೂ ಯಾರೂ ಒಂದೇ ತಕ್ಕಡಿಗೆ ಹಾಕುವುದಿಲ್ಲ, ಅಲ್ವಾ?

ಆದರೂ ಪ್ರತಿ ಋತುವಿನ ಕೊನೆಗೆ ಯಾರಾದರೂ ಈ ಕೆಲಸ ಮಾಡಲೇಬೇಕಾಗುತ್ತದೆ. ಎರಡು ರಾಜ್ಯಗಳ ಕ್ಲಬ್‌ಗಳು ಸೇರಿ ಒಂದು ತಂಡ ಕಳಿಸಬೇಕು. ಅಥವಾ ಚಾಂಪಿಯನ್‌ಶಿಪ್‌ನ ಕೆಲವೇ ಜಾಗಗಳನ್ನು ನಾಲ್ಕು ಪ್ರದೇಶಗಳಿಗೆ ಹಂಚಬೇಕು. ಆಗ ಬೇರೆ ಬೇರೆ ಟೂರ್ನಿಗಳ ಫಲಿತಾಂಶ ಒಂದೇ ಪಟ್ಟಿಗೆ ಬರಬೇಕು. ಅದಕ್ಕೆ ಐದಾರು ದಾರಿಗಳಿವೆ. ಯಾವುದು ಯಾವ ಕೆಲಸಕ್ಕೆ ಒಗ್ಗುತ್ತದೆ ಅನ್ನುವುದೇ ಈ ಬರಹ. ಕ್ಲಬ್‌ನ ಅಂಕಪಟ್ಟಿ ನೋಡಿಕೊಳ್ಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಅಮೆರಿಕದಲ್ಲಿದ್ದು ವಾರಾಂತ್ಯಕ್ಕೆ ಕಾರಿನ ಮೇಲೆ ಕಯಾಕ್ ಕಟ್ಟಿಕೊಂಡು ಹೊರಡುವ ಕನ್ನಡಿಗರಿಗೆ ತಮ್ಮ ಹೆಸರು ಪಟ್ಟಿಯಲ್ಲಿ ಯಾಕೆ ಅಲ್ಲಿ ಕೂತಿದೆ ಅಂತ ತಿಳಿಯಲೂ ಇದು ಬಳಕೆಗೆ ಬಂದೀತು.

ಇಂಚಿನ ಹಿಂದೆ ಏನಿದೆ

ದೊಡ್ಡ ದೋಣಿಗಳ ಬಾಸ್ ಟೂರ್ನಿಯಲ್ಲಿ ಮೀನನ್ನು ಸಾಮಾನ್ಯವಾಗಿ ತೊಟ್ಟಿಯಲ್ಲಿ ಜೀವಂತವಾಗಿಟ್ಟು, ದಡಕ್ಕೆ ತಂದು ತೂಗುತ್ತಾರೆ. ಕಯಾಕ್‌ನಲ್ಲಿ ಅಷ್ಟು ಜಾಗ ಇಲ್ಲ. ಇಲ್ಲಿನ ಪದ್ಧತಿ ಬೇರೆ: ಹಿಡಿ, ಫೋಟೊ ತೆಗಿ, ಬಿಡು. ಮೀನನ್ನು ಅಳತೆ ಹಲಗೆಯ ಮೇಲೆ ಮಲಗಿಸಬೇಕು. ಬಾಯಿ ಮುಚ್ಚಿರಬೇಕು, ಮೂತಿ ತುದಿಯ ಅಡ್ಡಪಟ್ಟಿಗೆ ತಾಗಿರಬೇಕು, ಆ ದಿನದ ಗುರುತಿನ ಸಂಖ್ಯೆ ಕಾಣಿಸಬೇಕು. ಹಾಗೆ ತೆಗೆದ ಫೋಟೊ ಟೂರ್ನಿಎಕ್ಸ್‌ನಂಥ ಆ್ಯಪ್‌ಗೆ ಹೋಗುತ್ತದೆ. ಉದ್ದವನ್ನು ಸಾಮಾನ್ಯವಾಗಿ ಕಾಲು ಇಂಚಿಗೆ ಇಳಿಸಿ ಬರೆದುಕೊಳ್ಳುತ್ತಾರೆ. ಹೆಚ್ಚಿನ ಕಡೆ ದಿನದ ಅತಿ ಉದ್ದದ ಐದು ಮೀನುಗಳ ಮೊತ್ತವೇ ಸ್ಕೋರ್. ಫೋಟೊದಲ್ಲಿ ತಪ್ಪಿದ್ದರೆ ಇಂಚು ಕಡಿತ, ಇಲ್ಲವೇ ಆ ಮೀನೇ ಲೆಕ್ಕಕ್ಕಿಲ್ಲ.

ಈ ಪದ್ಧತಿಗೆ ಒಂದು ದೊಡ್ಡ ಅನುಕೂಲ ಇದೆ. ಟೆಕ್ಸಸ್‌ನ ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನ ಲಾರ್ಜ್‌ಮೌತ್ ಬಾಸ್ ಇಟ್ಟುಕೊಳ್ಳುವಂತಿಲ್ಲ ಅನ್ನುವ ನಿಯಮ ಬಹಳ ವರ್ಷಗಳಿಂದ ಇದೆ. ಟೂರ್ನಿ ಗೆಲ್ಲಿಸುವ ಮೀನುಗಳೆಲ್ಲ ಸುಮಾರಾಗಿ ಇದೇ ಅಳತೆಯವು. ಹಿಡಿದ ಜಾಗದಲ್ಲೇ ಅಳೆದು ಬಿಡುವುದರಿಂದ ಕಯಾಕ್‌ನವರಿಗೆ ಅಲ್ಲಿ ತೊಡಕಿಲ್ಲ. ಮೀನೂ ತನ್ನ ನೀರಿಗೇ ವಾಪಸ್ ಹೋಗುತ್ತದೆ. ನನಗೆ ಈ ಆಟದಲ್ಲಿ ತುಂಬಾ ಇಷ್ಟವಾದ ಸಂಗತಿ ಇದೇ.

ಆದರೆ ತೂಕದ ಬದಲು ಉದ್ದ ಅಳೆದಾಗ ಲೆಕ್ಕದ ಗುಣವೇ ಬದಲಾಗುತ್ತದೆ. ಮೀನಿನ ತೂಕ ಹೆಚ್ಚುಕಡಿಮೆ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. 20 ಇಂಚಿನ ಬಾಸ್ ಸುಮಾರು 5 ಪೌಂಡ್ ಅಂದರೆ, 24 ಇಂಚಿನದು ಎಂಟೂವರೆ ಪೌಂಡ್ ದಾಟುತ್ತದೆ, 14 ಇಂಚಿನದು ಎರಡು ಪೌಂಡೂ ಇರುವುದಿಲ್ಲ. ಈಗ ನೋಡಿ. ಒಬ್ಬರ ಬಳಿ 24 ಇಂಚಿನ ಒಂದು, 14 ಇಂಚಿನ ನಾಲ್ಕು. ಇನ್ನೊಬ್ಬರ ಬಳಿ 16 ಇಂಚಿನ ಐದು. ಇಬ್ಬರದೂ 80 ಇಂಚು. ತೂಗಿದ್ದರೆ ಮೊದಲಿನವರದು ಸುಮಾರು ಹದಿನೈದೂವರೆ ಪೌಂಡ್, ಎರಡನೆಯವರದು 13ರ ಒಳಗೆ. ಅಂದರೆ ಕಯಾಕ್ ಟೂರ್ನಿ ಒಂದು ದೈತ್ಯ ಮೀನಿಗಿಂತ ಐದು ಒಳ್ಳೆಯ ಮೀನಿಗೆ ಜಾಸ್ತಿ ಬೆಲೆ ಕೊಡುತ್ತದೆ. ಐದು ಮೀನು ಪೂರ್ತಿ ಮಾಡುವುದೇ ಇಲ್ಲಿ ಮೊದಲ ಹೋರಾಟ. ರ್‍ಯಾಂಕಿಂಗ್ ಮಾಡುವವರು ಇದನ್ನು ಮರೆಯಬಾರದು.

ಮರೆಯಬಾರದ ಇನ್ನೊಂದು ಸಂಗತಿ ಇದೆ. ದೊಡ್ಡ ದೋಣಿಯವರು ಒಂದೇ ಜಾಗದಿಂದ ಹೊರಟು ಬೇಕಾದಲ್ಲಿಗೆ ಓಡಬಹುದು. ಕಯಾಕ್‌ನವರು ಹುಟ್ಟು ಹಾಕಿಯೋ ಪೆಡಲ್ ತುಳಿದೋ ಹೋಗಬೇಕು. ಕೆಲವು ಸರಣಿಗಳಲ್ಲಿ ಸಣ್ಣ ವಿದ್ಯುತ್ ಮೋಟಾರಿಗೆ ಅವಕಾಶ ಇದೆ, ಕೆಲವದರಲ್ಲಿ ಇಲ್ಲ. ಹಾಗಾಗಿ ಬೆಳಿಗ್ಗೆ ಎಲ್ಲಿಂದ ನೀರಿಗಿಳಿಯಬೇಕು ಅನ್ನುವುದನ್ನು ಸ್ಪರ್ಧಿಯೇ ಆರಿಸಿಕೊಳ್ಳುವುದು ಸಾಮಾನ್ಯ. ಗಂಟರ್ಸ್‌ವಿಲ್ ಸುಮಾರು 69,000 ಎಕರೆ. ಅದರ ಒಂದು ತುದಿಯಲ್ಲಿ ಇಳಿದವರೂ ಇನ್ನೊಂದು ತುದಿಯಲ್ಲಿ ಇಳಿದವರೂ ಒಂದೇ ಟೂರ್ನಿಯಲ್ಲಿದ್ದಾರೆ, ಒಂದೇ ನೀರಿನಲ್ಲಿ ಇಲ್ಲ. ಜಾಗ ಆರಿಸುವುದೂ ಕೌಶಲವೇ. ಜೊತೆಗೆ ಒಂದು ದಿನದ ಅದೃಷ್ಟದ ಪಾಲೂ ಇಲ್ಲಿ ದೊಡ್ಡದು.

ಋತುವಿನ ಅಂಕ: ಕ್ಲಬ್‌ ಒಳಗೆ ಚೆನ್ನ, ಹೊರಗೆ ಅಲ್ಲ

ಎಲ್ಲರಿಗೂ ಗೊತ್ತಿರುವ ದಾರಿ ಇದು. ಗೆದ್ದವರಿಗೆ ಇಷ್ಟು ಅಂಕ, ಆಮೇಲಿನ ಸ್ಥಾನಕ್ಕೆ ಒಂದೊಂದು ಕಡಿಮೆ. ದೊಡ್ಡ ದೋಣಿಗಳ ಬಾಸ್‌ಮಾಸ್ಟರ್ ಎಲೀಟ್ ಸರಣಿ 100, 99, 98 ಅಂತ ಇಳಿಯುವ ಲೆಕ್ಕವನ್ನು ಬಳಸಿದ್ದುಂಟು. ಕಯಾಕ್ ಸರಣಿಗಳೂ ವರ್ಷದ ಶ್ರೇಷ್ಠ ಸ್ಪರ್ಧಿ ಪ್ರಶಸ್ತಿಗೆ ಇದೇ ಜಾತಿಯ ಅಂಕ ಇಟ್ಟುಕೊಂಡಿವೆ. ಚಾಡ್ ಹೂವರ್ ಕಟ್ಟಿದ ಕಯಾಕ್ ಬಾಸ್ ಫಿಶಿಂಗ್, ಅಂದರೆ ಕೆಬಿಎಫ್, 2019ರಲ್ಲಿ ಶುರುವಾದ ಹೋಬಿ ಬಾಸ್ ಓಪನ್ ಸೀರೀಸ್, 2020ರಲ್ಲಿ ಬಂದ ಬಿ.ಎ.ಎಸ್.ಎಸ್. ಸಂಸ್ಥೆಯ ಕಯಾಕ್ ಸರಣಿ, ಹೀಗೆ ಒಂದೊಂದಕ್ಕೂ ಅದರದೇ ಪಟ್ಟಿ.

ಒಂದೇ ಗುಂಪಿನ ಜನ ವರ್ಷವಿಡೀ ಒಟ್ಟಿಗೆ ಆಡುತ್ತಿದ್ದರೆ ಈ ಲೆಕ್ಕಕ್ಕೆ ಸಾಟಿಯಿಲ್ಲ. ಯಾರಿಗೆ ಬೇಕಾದರೂ ಅರ್ಥವಾಗುತ್ತದೆ. ದಡದಲ್ಲಿ ನಿಂತೇ ಕೂಡಿಸಬಹುದು. ತಕರಾರು ಕಡಿಮೆ.

ಎರಡು ಪ್ರದೇಶಗಳನ್ನು ಸೇರಿಸಿದ ಕೂಡಲೇ ಕೆಡುತ್ತದೆ. 20 ಜನರ ಕ್ಲಬ್ ಟೂರ್ನಿಯಲ್ಲಿ ಕೊನೆಗೆ ಬಂದವರಿಗೂ 81 ಅಂಕ. 200 ಜನರ ರಾಷ್ಟ್ರೀಯ ಟೂರ್ನಿಯಲ್ಲಿ 25ನೇ ಸ್ಥಾನಕ್ಕೆ 76. ಯಾವುದು ಕಷ್ಟ ಅಂತ ಹೇಳಬೇಕಾಗಿಲ್ಲ. ಇದನ್ನು ಸರಿಪಡಿಸಲು ಕೆಲವರು ದೊಡ್ಡ ಟೂರ್ನಿಗೆ ಒಂದೂವರೆ ಪಟ್ಟು, ಎರಡು ಪಟ್ಟು ಅಂತ ಗುಣಿಸುತ್ತಾರೆ. ಆ ಒಂದೂವರೆ ಎಲ್ಲಿಂದ ಬಂತು ಅಂತ ಕೇಳಿದರೆ ಗಟ್ಟಿ ಉತ್ತರ ಸಿಗುವುದಿಲ್ಲ.

ಎಷ್ಟು ಟೂರ್ನಿ ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದೂ ತಲೆನೋವೇ. ಎಲ್ಲವನ್ನೂ ಕೂಡಿಸಿದರೆ ರಜೆ ಮತ್ತು ಪೆಟ್ರೋಲ್ ಇದ್ದವರು ಗೆಲ್ಲುತ್ತಾರೆ. ಅದಕ್ಕೇ ಅತ್ಯುತ್ತಮ ಮೂರು ಅಥವಾ ನಾಲ್ಕನ್ನು ಮಾತ್ರ ಹಿಡಿಯುವ ರೂಢಿ ಬಂತು. ಅದರಲ್ಲೂ ಓರೆ ಇದೆ. ಒಂದೇ ಮಟ್ಟದ ಇಬ್ಬರಲ್ಲಿ ಒಬ್ಬರು ನಾಲ್ಕು ಟೂರ್ನಿ ಆಡಿ ಅದರಿಂದ ಮೂರು ಆರಿಸುತ್ತಾರೆ. ಇನ್ನೊಬ್ಬರು ಎಂಟು ಆಡಿ ಮೂರು ಆರಿಸುತ್ತಾರೆ. ಎರಡನೆಯವರಿಗೆ ಒಳ್ಳೆಯ ದಿನಗಳು ಸಿಗುವ ಅವಕಾಶ ಜಾಸ್ತಿ. ಸರಾಸರಿ ತೆಗೆದರೆ ಈ ಓರೆ ಹೋಗುತ್ತದೆ. ಆಗ ಒಂದೇ ಟೂರ್ನಿ ಆಡಿ ಗೆದ್ದು ಮನೆಯಲ್ಲಿ ಕೂತವರು ಮೇಲೆ ನಿಲ್ಲುತ್ತಾರೆ. ಗಾಲ್ಫ್‌ನ ಅಧಿಕೃತ ವಿಶ್ವ ರ್‍ಯಾಂಕಿಂಗ್ 1986ರಿಂದ ಇದೆ. ಅದರಲ್ಲಿ ಎರಡು ವರ್ಷದ ಅಂಕವನ್ನು ಆಡಿದ ಟೂರ್ನಿಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಆದರೆ ಎಷ್ಟೇ ಕಡಿಮೆ ಆಡಿದರೂ ಭಾಜಕ 40ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಕಯಾಕ್ ಕ್ಲಬ್‌ಗೆ 40 ತೀರಾ ದೊಡ್ಡದು. ಉಪಾಯ ಮಾತ್ರ ಹಾಗೇ ತೆಗೆದುಕೊಳ್ಳುವಂಥದ್ದು.

ಬಹುಮಾನದ ಹಣದ ಮೇಲೆ ರ್‍ಯಾಂಕ್ ಮಾಡುವ ಬಗ್ಗೆ ಒಂದೇ ಮಾತು: ಬೇಡ. ಹಣ ಪ್ರಾಯೋಜಕರ ಜೇಬನ್ನು ತೋರಿಸುತ್ತದೆ. ಅದೂ ಮೇಲಿನ ಕೆಲವರಿಗೆ ಮಾತ್ರ ಸಿಗುತ್ತದೆ, ಉಳಿದವರೆಲ್ಲ ಸೊನ್ನೆ.

ಒಟ್ಟು ಇಂಚು ಮತ್ತು ಶೇಕಡಾ ಲೆಕ್ಕ

ಋತುವಿನ ಒಟ್ಟು ಇಂಚು ಕೂಡಿಸುವುದು ನೋಡಲು ನ್ಯಾಯವಾಗಿ ಕಾಣುತ್ತದೆ. ಎಲ್ಲರೂ ಒಂದೇ ನೀರುಗಳಲ್ಲಿ, ಒಂದೇ ದಿನಗಳಲ್ಲಿ ಆಡಿದ್ದರೆ ನ್ಯಾಯವೇ. ಪ್ರದೇಶ ಬದಲಾದರೆ ಅಲ್ಲ. ದಕ್ಷಿಣದಲ್ಲಿ ದೊಡ್ಡದಾಗಿ ಬೆಳೆಯುವ ಫ್ಲಾರಿಡಾ ತಳಿಯ ಲಾರ್ಜ್‌ಮೌತ್ ಇದೆ, ಬೆಳೆಯುವ ಕಾಲವೂ ಉದ್ದ. ಗಾತ್ರದಲ್ಲಿ ಸಣ್ಣದಾದ ಸ್ಪಾಟೆಡ್ ಬಾಸ್ ಜಾಸ್ತಿ ಇರುವ ಜಲಾಶಯದಲ್ಲಿ 18 ಇಂಚಿನ ಮೀನು ಸಿಕ್ಕಿದರೆ ದೊಡ್ಡ ಮಾತು. ಮೊಟ್ಟೆಯಿಡುವ ವಸಂತದಲ್ಲಿ ದೊಡ್ಡ ಮೀನುಗಳು ದಡದ ತೆಳು ನೀರಿಗೆ ಬರುತ್ತವೆ, ಅದು ಕಯಾಕ್‌ನವರಿಗೆ ಸುಗ್ಗಿ. ಆಗಸ್ಟ್ ಬಿಸಿಲಿಗೆ ಅದೇ ನೀರು ಬೇರೆಯದೇ ಮುಖ ತೋರಿಸುತ್ತದೆ. ಇಂಚು ಕೂಡಿಸಿದರೆ ಸ್ಪರ್ಧಿಯ ಜೊತೆಗೆ ನೀರನ್ನೂ ತಿಂಗಳನ್ನೂ ಕೂಡಿಸಿದ ಹಾಗಾಗುತ್ತದೆ.

ಗೆದ್ದವರ ಸ್ಕೋರಿನ ಶೇಕಡಾ ಎಷ್ಟು ಅಂತ ನೋಡುವವರಿದ್ದಾರೆ. ಗೆದ್ದವರು 98, ನೀವು 84 ಅಂದರೆ ಸುಮಾರು ಶೇ 86. ಇನ್ನೊಂದು ಕಡೆ ಗೆದ್ದವರು 72, ನೀವು 60 ಅಂದರೆ ಶೇ 83. ಮೊದಲನೆಯದೇ ಮೇಲು ಅನ್ನಿಸುತ್ತದೆ. ಆದರೆ ಮೊದಲ ಕಡೆ ಎಲ್ಲರಿಗೂ ಐದು ಮೀನು ಸಿಕ್ಕಿದ್ದು, 84 ಇಂಚು ನಿಮ್ಮನ್ನು ಮಧ್ಯದಲ್ಲಿ ನಿಲ್ಲಿಸಿರಬಹುದು. ಎರಡನೇ ಕಡೆ ಅರ್ಧ ಜನರಿಗೆ ಐದು ಮೀನೇ ಆಗದೆ, 60 ಇಂಚು ಮೊದಲ ಹತ್ತರೊಳಗೆ ತಂದಿರಬಹುದು. ಗೆದ್ದ ಒಬ್ಬರ ಒಂದು ದಿನಕ್ಕೆ ಇಡೀ ಲೆಕ್ಕ ಕಟ್ಟಿಹಾಕುವುದೇ ಇದರ ದೋಷ.

ಅದಕ್ಕಿಂತ ವಾಸಿ, ಎಷ್ಟು ಜನರನ್ನು ಹಿಂದೆ ಹಾಕಿದಿರಿ ಅನ್ನುವ ಲೆಕ್ಕ. 50 ಜನರಲ್ಲಿ 7ನೆಯವರು 49ರಲ್ಲಿ 43 ಜನರನ್ನು ಸೋಲಿಸಿದ್ದಾರೆ, ಶೇ 88. 15 ಜನರಲ್ಲಿ 7ನೆಯವರು 14ರಲ್ಲಿ 8, ಶೇ 57. ಟೂರ್ನಿಯ ಗಾತ್ರದ ಸಮಸ್ಯೆ ಒಂದೇ ಏಟಿಗೆ ಪರಿಹಾರವಾಯಿತು. ಎದುರಾಳಿಗಳು ಯಾರು ಅನ್ನುವುದು ಮಾತ್ರ ಹಾಗೇ ಉಳಿಯಿತು. ಊರಿನ ಕ್ಲಬ್‌ನ 20 ಜನರಲ್ಲಿ ಮೂರನೆಯವರಿಗೆ ಶೇ 89 ಬರುತ್ತದೆ. ರಾಷ್ಟ್ರೀಯ ಟೂರ್ನಿಯ 200 ಜನರಲ್ಲಿ 25ನೆಯವರಿಗೆ ಶೇ 88. ನಾನಂತೂ ತಂಡಕ್ಕೆ ಆ 25ನೆಯವರನ್ನೇ ಕರೆಯುತ್ತೇನೆ.

ಮಧ್ಯದವರಿಂದ ಅಳೆಯುವುದು

ಸಣ್ಣ ಕ್ಲಬ್‌ಗಳಿಗೆ ನಾನು ಹೇಳುವ ದಾರಿ ಇದು. ಸ್ಪ್ರೆಡ್‌ಶೀಟ್ ಬಂದರೆ ಸಾಕು.

ಪ್ರತಿ ಟೂರ್ನಿಯ ಮಧ್ಯಾಂಕ ತೆಗೆಯಿರಿ. ಅಂದರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವವರ ಸ್ಕೋರ್. ನೀವು ಅದಕ್ಕಿಂತ ಎಷ್ಟು ಇಂಚು ಮೇಲೆ ಅಥವಾ ಕೆಳಗೆ ಇದ್ದೀರಿ ಅನ್ನುವುದು ನಿಮ್ಮ ದಿನದ ಅಳತೆ. ಸರಾಸರಿ ಯಾಕೆ ಬೇಡ ಅಂದರೆ, ಕಯಾಕ್ ಟೂರ್ನಿಯಲ್ಲಿ ಎರಡೇ ಮೀನು ಸಿಕ್ಕವರು, ಒಂದೂ ಸಿಗದವರು ಯಾವಾಗಲೂ ಇರುತ್ತಾರೆ. ಅವರ 0, 15, 31 ಎಲ್ಲ ಸೇರಿ ಸರಾಸರಿಯನ್ನು ಕೆಳಗೆಳೆಯುತ್ತವೆ. ಸ್ಕೋರುಗಳು ಸರಾಸರಿಯಿಂದ ಎಷ್ಟು ಚದುರಿವೆ ಅಂತ ಅಳೆಯುವ ಮಾನಕ ವಿಚಲನೆಗೂ ಇದೇ ಗತಿ. ಮಧ್ಯಾಂಕ ಮಾತ್ರ ಅಷ್ಟಾಗಿ ಅಲುಗುವುದಿಲ್ಲ.

ಇಷ್ಟಕ್ಕೇ ನಿಲ್ಲಬಾರದು. ಒಂದು ಇಂಚಿನ ಬೆಲೆ ಎಲ್ಲ ಕಡೆ ಒಂದೇ ಅಲ್ಲ. ಎಲ್ಲರಿಗೂ ಐದು ಮೀನು ಸಿಗುವ ನೀರಿನಲ್ಲಿ ಎರಡು ಇಂಚಿಗೆ ಹತ್ತು ಸ್ಥಾನ ಏರುಪೇರಾಗುತ್ತದೆ. ಕಷ್ಟದ ನೀರಿನಲ್ಲಿ ಒಂದು ಮೀನು ಜಾಸ್ತಿ ಸಿಕ್ಕರೆ 14 ಇಂಚು ಒಮ್ಮೆಲೇ ಬರುತ್ತದೆ. ಹಾಗಾಗಿ ಬಂದ ಅಂತರವನ್ನು ಆ ದಿನದ ಹರವಿನಿಂದ ಭಾಗಿಸಬೇಕು. ಹರವು ಅಂದರೆ ಮೇಲಿನ ಕಾಲುಭಾಗದ ಗೆರೆಯಲ್ಲಿರುವವರ ಸ್ಕೋರಿಗೂ ಮಧ್ಯದವರ ಸ್ಕೋರಿಗೂ ಇರುವ ಅಂತರ. ಒಂದು ಉದಾಹರಣೆ ಲೆಕ್ಕ: ಮಧ್ಯ 76, ಕಾಲುಭಾಗದ ಗೆರೆ 81, ನಿಮ್ಮದು 86. ಹತ್ತು ಇಂಚು ಮೇಲೆ, ಹರವು ಐದು, ನಿಮ್ಮ ಅಂಕ +2. ಇನ್ನೊಂದು ಕಡೆ ಮಧ್ಯ 48, ಗೆರೆ 60, ನಿಮ್ಮದು 66. ಹದಿನೆಂಟು ಇಂಚು ಮೇಲೆ, ಹರವು ಹನ್ನೆರಡು, ಅಂಕ +1.5. ಎರಡೂ ತುದಿಯಲ್ಲಿ ಮಿತಿ ಇಡಿ. +3ರ ಮೇಲೆ, -3ರ ಕೆಳಗೆ ಬಿಡಬೇಡಿ. ಒಂದು ಹುಚ್ಚು ದಿನ ಇಡೀ ಋತುವನ್ನು ನುಂಗಬಾರದು.

ಆಮೇಲೆ ಕಡಿಮೆ ಆಡಿದವರನ್ನು ಮಧ್ಯದ ಕಡೆ ಎಳೆಯಬೇಕು. ಗಾಲ್ಫ್‌ನ ಉಪಾಯ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಟ್ಟು ಅಂಕವನ್ನು ಆಡಿದ ಟೂರ್ನಿಗಳ ಸಂಖ್ಯೆಗೆ ಮೂರು ಸೇರಿಸಿ ಭಾಗಿಸಿ. ಒಂದೇ ಟೂರ್ನಿ ಆಡಿ +2 ತಂದವರಿಗೆ 2ನ್ನು 4ರಿಂದ ಭಾಗಿಸಿದರೆ 0.5. ಆರು ಆಡಿ ಸರಾಸರಿ +1.2 ತಂದವರಿಗೆ 7.2ನ್ನು 9ರಿಂದ ಭಾಗಿಸಿದರೆ 0.8. ಇದು ಸರಿ ಅನ್ನಿಸುತ್ತದೆ, ಅಲ್ವಾ? ಆ ಮೂರು ಅನ್ನುವ ಸಂಖ್ಯೆ ದೇವರು ಕೊಟ್ಟದ್ದಲ್ಲ. ನಿಮ್ಮ ನೀರಿನಲ್ಲಿ ಅದೃಷ್ಟದ ಪಾಲು ಜಾಸ್ತಿ ಅನ್ನಿಸಿದರೆ ನಾಲ್ಕೋ ಐದೋ ಇಡಿ. ಋತು ಶುರುವಾಗುವ ಮೊದಲೇ ಹೇಳಿಬಿಡಿ, ಅಷ್ಟೇ.

ಕೊನೆಗೆ ಎದುರಾಳಿಗಳ ಬಲ. ಮೊದಲ ಸುತ್ತಿನಲ್ಲಿ ಬಂದ ಅಂಕಗಳನ್ನು ಹಿಡಿದು ಪ್ರತಿ ಟೂರ್ನಿಯಲ್ಲಿ ಆಡಿದವರ ಸರಾಸರಿ ಬಲ ತೆಗೆಯಿರಿ. ಅದನ್ನು ಆ ಟೂರ್ನಿಯ ಎಲ್ಲರ ಅಂಕಕ್ಕೆ ಸೇರಿಸಿ. ಮತ್ತೆ ಲೆಕ್ಕ ಹಾಕಿ. ಬಲವಾದ ಗುಂಪಿನಲ್ಲಿ ಮಧ್ಯದಲ್ಲಿದ್ದವರು ಸ್ವಲ್ಪ ಮೇಲೇರುತ್ತಾರೆ, ಸಡಿಲ ಗುಂಪಿನಲ್ಲಿ ಮಿಂಚಿದವರು ಸ್ವಲ್ಪ ಇಳಿಯುತ್ತಾರೆ. ಸಂಖ್ಯೆಗಳು ಅಲುಗುವುದು ನಿಲ್ಲುವವರೆಗೆ ಹೀಗೇ ಮಾಡುತ್ತಾ ಹೋಗಿ. ಕೆಲವು ಸುತ್ತಿನಲ್ಲಿ ನಿಲ್ಲುತ್ತದೆ.

ಎಲೊ ಮತ್ತು ಅದರ ಬಳಗ

ಚೆಸ್ ನೋಡುವವರಿಗೆ ಎಲೊ ರೇಟಿಂಗ್ ಪರಿಚಯ ಇದ್ದೇ ಇರುತ್ತದೆ. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾದ್ ಎಲೊ ಮಾಡಿದ ಲೆಕ್ಕ ಇದು. ವಿಶ್ವ ಚೆಸ್ ಒಕ್ಕೂಟ 1970ರಲ್ಲಿ ಒಪ್ಪಿಕೊಂಡಿತು. ಇಬ್ಬರ ನಡುವೆ 200 ಅಂಕ ಅಂತರ ಇದ್ದರೆ ಮೇಲಿನವರಿಂದ ಒಂದು ಆಟಕ್ಕೆ ಸುಮಾರು 0.76 ಅಂಕ ನಿರೀಕ್ಷಿಸುತ್ತಾರೆ. ನಿರೀಕ್ಷೆಗಿಂತ ಚೆನ್ನಾಗಿ ಆಡಿದರೆ ಏರಿಕೆ, ಕೆಟ್ಟದಾಗಿ ಆಡಿದರೆ ಇಳಿಕೆ. ಎದುರಾಳಿಯ ಬಲ ಲೆಕ್ಕದ ಒಳಗೇ ಇದೆ. ಗಾತ್ರಕ್ಕೆ ಗುಣಿಸುವ ಕಷ್ಟ ಇಲ್ಲ.

ಚೆಸ್‌ನಲ್ಲಿ ಇಬ್ಬರೇ. ಇಲ್ಲಿ 60 ಜನ ಒಟ್ಟಿಗೆ. ಅದಕ್ಕೆ ಟೂರ್ನಿಯನ್ನು ಜೋಡಿಗಳಾಗಿ ಒಡೆಯುತ್ತಾರೆ. 60 ಜನರಿದ್ದರೆ 1,770 ಜೋಡಿ. ಪ್ರತಿಯೊಬ್ಬರಿಗೂ 59 ಗೆಲುವು-ಸೋಲು. ಇಲ್ಲೇ ಹುಷಾರಾಗಿರಬೇಕು. ಈ 59 ಫಲಿತಾಂಶಗಳು 59 ಬೇರೆ ಆಟಗಳಲ್ಲ, ಒಂದೇ ದಿನದ ಒಂದೇ ಸ್ಕೋರಿನಿಂದ ಬಂದವು. 19 ಇಂಚಿನ ಒಂದು ಮೀನು ಕಯಾಕ್‌ನ ಅಂಚಿನಲ್ಲಿ ಗಾಳ ಬಿಡಿಸಿಕೊಂಡು ಹೋದರೆ ಸಾಕು, ಹತ್ತು ಹನ್ನೆರಡು ಜೋಡಿಗಳು ಒಟ್ಟಿಗೇ ತಿರುಗಿಬೀಳುತ್ತವೆ. ಚೆಸ್‌ನ ಏರಿಳಿತದ ಗುಣಕವನ್ನು, ಅಂದರೆ ಒಂದು ಫಲಿತಾಂಶಕ್ಕೆ ರೇಟಿಂಗ್ ಎಷ್ಟು ಅಲುಗಬೇಕು ಅನ್ನುವ ಸಂಖ್ಯೆಯನ್ನು, ಹಾಗೇ ಹಾಕಿದರೆ ಒಂದು ಶನಿವಾರಕ್ಕೆ ಒಬ್ಬರ ರೇಟಿಂಗ್ ನೂರಾರು ಅಂಕ ಹಾರುತ್ತದೆ. ಗುಣಕವನ್ನು ಎದುರಾಳಿಗಳ ಸಂಖ್ಯೆಯಿಂದ ಭಾಗಿಸಲೇಬೇಕು. ಯಾವುದಾದರೂ ಸಿದ್ಧ ಪ್ರೋಗ್ರಾಂ ಬಳಸುವ ಮೊದಲು ಇದೊಂದನ್ನು ನೋಡಿಕೊಳ್ಳಿ.

ಎಲೊಗೆ ತನಗೆ ಎಷ್ಟು ಗೊತ್ತು ಅನ್ನುವುದು ಗೊತ್ತಿಲ್ಲ. ಎರಡು ಟೂರ್ನಿ ಆಡಿದವರ 1600 ಮತ್ತು ಮೂವತ್ತು ಆಡಿದವರ 1600 ಅದಕ್ಕೆ ಒಂದೇ. ಮಾರ್ಕ್ ಗ್ಲಿಕ್‌ಮನ್ ರೂಪಿಸಿದ ಗ್ಲಿಕೊ ಈ ಕೊರತೆ ತುಂಬುತ್ತದೆ. ರೇಟಿಂಗ್ ಜೊತೆಗೆ ಅದರ ಅನುಮಾನದ ಅಳತೆಯನ್ನೂ ಇಟ್ಟುಕೊಳ್ಳುತ್ತದೆ. ತುಂಬಾ ದಿನ ಆಡದಿದ್ದರೆ ಅನುಮಾನ ಬೆಳೆಯುತ್ತದೆ. ಮೈಕ್ರೊಸಾಫ್ಟ್ ಎಕ್ಸ್‌ಬಾಕ್ಸ್ ಆಟಗಳಿಗಾಗಿ ಮಾಡಿದ ಟ್ರೂಸ್ಕಿಲ್ ಇನ್ನೂ ಹತ್ತಿರದ್ದು. ಅನೇಕರು ಒಟ್ಟಿಗೆ ಆಡುವ ಆಟಕ್ಕೆಂದೇ ಅದು ಹುಟ್ಟಿದ್ದು. ನೂರಾರು ಸ್ಪರ್ಧಿಗಳು, ಹಲವು ರಾಜ್ಯಗಳು, ಎರಡು ಮೂರು ವರ್ಷದ ಫಲಿತಾಂಶ ಕೈಯಲ್ಲಿದ್ದರೆ ನಾನು ಈ ಜಾತಿಯ ಲೆಕ್ಕವನ್ನೇ ಆರಿಸುತ್ತೇನೆ. ಮೂವತ್ತು ಜನರ ಕ್ಲಬ್‌ಗೆ ಇದು ಬೇಕಿಲ್ಲ.

ಇದರ ನಿಜವಾದ ಬೆಲೆ ಕೊಡಬೇಕಾಗುವುದು ವಿವರಣೆಯಲ್ಲಿ. ಟೂರ್ನಿ ಗೆದ್ದೂ ನನ್ನ ರೇಟಿಂಗ್ ಯಾಕೆ ಎರಡೇ ಅಂಕ ಏರಿತು ಅಂತ ಒಬ್ಬರು ಬಂದು ಕೇಳುತ್ತಾರೆ. ಎಲ್ಲರೂ ನೀವು ಗೆಲ್ಲುತ್ತೀರಿ ಅಂತಲೇ ನಿರೀಕ್ಷಿಸಿದ್ದರು ಅನ್ನುವುದು ಸರಿಯಾದ ಉತ್ತರ. ಕೇಳಿದವರಿಗೆ ಸಮಾಧಾನ ಆಗುವುದಿಲ್ಲ. ಪಟ್ಟಿಯನ್ನು ಜನ ನಂಬದಿದ್ದರೆ ಅದು ಎಷ್ಟು ಜಾಣವಾಗಿದ್ದರೂ ಸುಮ್ನೆ.

ಸೇತುವೆ ಇಲ್ಲದಿದ್ದರೆ ಯಾವ ಲೆಕ್ಕವೂ ಇಲ್ಲ

ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದು. ಬಹಳ ಪಟ್ಟಿಗಳು ಇದನ್ನು ಹೇಳುವುದೇ ಇಲ್ಲ.

ಅಲಬಾಮಾದವರು ಅಲಬಾಮಾದಲ್ಲೇ ಆಡಿದರು, ಪೆನ್ಸಿಲ್ವೇನಿಯಾದವರು ಪೆನ್ಸಿಲ್ವೇನಿಯಾದಲ್ಲೇ ಆಡಿದರು, ಒಬ್ಬರೂ ಗಡಿ ದಾಟಲಿಲ್ಲ ಅನ್ನಿ. ಆಗ ಎರಡು ಗುಂಪುಗಳಲ್ಲಿ ಯಾವುದು ಬಲ ಅನ್ನುವ ಪ್ರಶ್ನೆಗೆ ಫಲಿತಾಂಶಗಳಲ್ಲಿ ಉತ್ತರವೇ ಇಲ್ಲ. ಎಲ್ಲರನ್ನೂ 1500ರಿಂದ ಶುರು ಮಾಡಿಸಿದ್ದರೆ ಎಲೊ ಎರಡೂ ಕಡೆ ಸರಾಸರಿ 1500 ಅನ್ನುತ್ತದೆ. ಮಧ್ಯಾಂಕದ ಲೆಕ್ಕ ಎರಡೂ ಕಡೆ ಸೊನ್ನೆ ಅನ್ನುತ್ತದೆ. ಇವೆರಡನ್ನು ಒಂದೇ ಪಟ್ಟಿಯಲ್ಲಿ ಬೆರೆಸಿದರೆ ಕಣ್ಣಿಗೆ ರ್‍ಯಾಂಕಿಂಗ್ ಕಾಣುತ್ತದೆ, ಒಳಗೆ ಊಹೆ ಇರುತ್ತದೆ.

ಎರಡೂ ಕಡೆ ಆಡಿದವರೇ ಸೇತುವೆ. ರಜೆ ಹಾಕಿ, ರಾತ್ರಿಯೆಲ್ಲ ಗಾಡಿ ಓಡಿಸಿ, ಇನ್ನೊಂದು ರಾಜ್ಯದ ನೀರಿಗಿಳಿಯುವ ಆ ಕೆಲವರಿಂದಲೇ ಉಳಿದವರನ್ನೆಲ್ಲ ಹೋಲಿಸಲು ಆಗುವುದು. ಅವರು ಗೆಲ್ಲಲಿ, ಸೋಲಲಿ, ಅವರ ಫಲಿತಾಂಶ ಪಟ್ಟಿಗೆ ಚಿನ್ನ. ಹಾಗಾಗಿ ಪಟ್ಟಿ ಮಾಡುವ ಮೊದಲು ಒಂದು ಎಣಿಕೆ ಮಾಡಿ. ಪ್ರತಿ ಎರಡು ಪ್ರದೇಶಗಳ ನಡುವೆ ಎರಡೂ ಕಡೆ ಆಡಿದವರು ಎಷ್ಟು? ಒಬ್ಬಿಬ್ಬರೇ ಇದ್ದರೆ ಆ ಪ್ರದೇಶಗಳನ್ನು ಬೇರೆ ಬೇರೆ ಪಟ್ಟಿಯಲ್ಲೇ ಬಿಡಿ. ತಂಡದ ಜಾಗಗಳನ್ನು ಪ್ರದೇಶಕ್ಕಿಷ್ಟು ಅಂತ ಹಂಚಿ. ಅದರಲ್ಲಿ ತಪ್ಪೇನೂ ಇಲ್ಲ.

ಸೇತುವೆಗೂ ಒಂದು ವಾಲು ಇರುತ್ತದೆ. ಮನೆ ನೀರಿನಲ್ಲಿ ಎಲ್ಲರೂ ಹುಲಿಗಳೇ. ಯಾವ ಕೊಲ್ಲಿಯಲ್ಲಿ ಯಾವ ತಿಂಗಳು ಮೀನು ನಿಲ್ಲುತ್ತದೆ ಅಂತ ಅಲ್ಲಿಯವರಿಗೆ ಗೊತ್ತು. ಉತ್ತರದವರು ದಕ್ಷಿಣಕ್ಕೆ ಬಂದು ಸೋತರು, ದಕ್ಷಿಣದವರು ಉತ್ತರಕ್ಕೆ ಹೋಗಲೇ ಇಲ್ಲ ಅಂದರೆ, ಲೆಕ್ಕ ದಕ್ಷಿಣವೇ ಬಲ ಅನ್ನುತ್ತದೆ. ಸೋಲಿನಲ್ಲಿ ಎಷ್ಟು ಪಾಲು ಕೌಶಲದ್ದು, ಎಷ್ಟು ಪಾಲು ಗುರುತಿಲ್ಲದ ನೀರಿನದು ಅಂತ ಬೇರ್ಪಡಿಸಲು ಎರಡೂ ದಿಕ್ಕಿನ ಓಡಾಟ ಬೇಕು. ಎರಡು ಕ್ಲಬ್‌ಗಳು ವರ್ಷಕ್ಕೊಂದು ಜಂಟಿ ಟೂರ್ನಿ ಮಾಡುವುದಾದರೆ, ಒಂದು ವರ್ಷ ಇಲ್ಲಿ, ಮುಂದಿನ ವರ್ಷ ಅಲ್ಲಿ ಮಾಡಲಿ. ಕೈಗೂಡಿದರೆ ಇಬ್ಬರಿಗೂ ಹೊಸದಾದ ಮೂರನೆಯ ನೀರಿನಲ್ಲಿ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು.

ತಿಂಗಳುಗಟ್ಟಲೆ ನಡೆಯುವ ಆನ್‌ಲೈನ್ ಸ್ಪರ್ಧೆಗಳ ಬಗ್ಗೆಯೂ ಕೇಳುತ್ತಾರೆ. ರಾಜ್ಯದ ಯಾವ ಸಾರ್ವಜನಿಕ ನೀರಿನಲ್ಲಿ ಬೇಕಾದರೂ, ತಿಂಗಳೊಳಗೆ ಯಾವಾಗ ಬೇಕಾದರೂ ಹಿಡಿದು ಅಳೆದು ಹಾಕಬಹುದು. ಸೊಗಸಾದ ಆಟ, ಹೊಸಬರಿಗೆ ಒಳ್ಳೆಯ ಬಾಗಿಲು. ಆದರೆ ಅಲ್ಲಿ ಅಳೆಯುವುದು ಎಷ್ಟು ದಿನ ನೀರಿಗೆ ಹೋಗಲು ಬಿಡುವಿತ್ತು ಅನ್ನುವುದನ್ನೂ ಸೇರಿಸಿ. ಒಂದು ದಿನದ ಟೂರ್ನಿಯ ಜೊತೆ ಬೆರೆಸಬೇಡಿ.

ಹಳೆಯ ಫಲಿತಾಂಶ, ಖಾಲಿ ಸಾಲು

ಹಳೆಯದಕ್ಕೆ ಬೆಲೆ ಕಡಿಮೆ ಆಗಬೇಕು, ಸರಿ. ಗಾಲ್ಫ್‌ನಲ್ಲಿ 13 ವಾರ ಪೂರ್ತಿ ಬೆಲೆ, ಆಮೇಲೆ ವಾರ ವಾರ ಇಳಿದು ಎರಡು ವರ್ಷಕ್ಕೆ ಸೊನ್ನೆ. ಕಯಾಕ್‌ಗೆ ಇದನ್ನು ಹಾಗೇ ತರಬೇಡಿ. ಫ್ಲಾರಿಡಾದಲ್ಲಿ ಜನವರಿಯಲ್ಲೂ ಟೂರ್ನಿ ನಡೆಸಬಹುದು. ಮಿನ್ನೆಸೋಟಾದಲ್ಲಿ ಆಗ ಕೆರೆ ಮಂಜುಗಡ್ಡೆ. ದಿನದ ಲೆಕ್ಕದಲ್ಲಿ ಇಳಿಸಿದರೆ ಉತ್ತರದವರು ಏನೂ ಮಾಡದೆ ಪ್ರತಿ ಚಳಿಗಾಲ ಕೆಳಗೆ ಜಾರುತ್ತಾರೆ. ಅವರವರ ಪ್ರದೇಶದಲ್ಲಿ ನಡೆದ ಟೂರ್ನಿಗಳ ಲೆಕ್ಕದಲ್ಲಿ ಇಳಿಸಿ.

ಫಲಿತಾಂಶದ ಕಡತ ಇಳಿಸಿಕೊಂಡಾಗ ಸೊನ್ನೆ ಇರುವ ಸಾಲುಗಳನ್ನು ಒಂದೊಂದಾಗಿ ನೋಡಿ. ನೀರಿಗಿಳಿದು ಬರಿಗೈಯಲ್ಲಿ ಬಂದವರು ಬೇರೆ, ಹೆಸರು ಕೊಟ್ಟು ಬರದೇ ಇದ್ದವರು ಬೇರೆ. ಮೊದಲಿನವರನ್ನು ಬಿಟ್ಟರೆ ಕಷ್ಟದ ದಿನದ ಮಧ್ಯಾಂಕ ಸುಳ್ಳು ಹೇಳುತ್ತದೆ. ಎರಡನೆಯವರನ್ನು ಸೇರಿಸಿದರೂ ಅಷ್ಟೇ. ಕಡಿತಗಳೆಲ್ಲ ಮುಗಿದ ಅಂತಿಮ ಪಟ್ಟಿಯನ್ನೇ ತೆಗೆದುಕೊಳ್ಳಿ. ಒಬ್ಬರೇ ಎರಡು ಆ್ಯಪ್‌ಗಳಲ್ಲಿ ಎರಡು ಥರ ಹೆಸರು ಬರೆದಿರುತ್ತಾರೆ, ಅದನ್ನೂ ಹೊಂದಿಸಿ. ಎರಡು ದಿನದ ಟೂರ್ನಿಯನ್ನು ಎರಡು ಟೂರ್ನಿ ಅಂತ ಎಣಿಸಬೇಡಿ. ಅದೇ ನೀರು, ಅದೇ ಹವೆ, ಮೊದಲ ದಿನ ಕಂಡುಕೊಂಡ ಜಾಗವೇ ಎರಡನೇ ದಿನವೂ ಮೀನು ಕೊಡುತ್ತದೆ.

ಆರಿಸಿದ್ದನ್ನು ಪರೀಕ್ಷಿಸುವುದು

ಯಾವ ಲೆಕ್ಕ ಮೇಲು ಅಂತ ವಾದ ಮಾಡುತ್ತಾ ಕೂರುವ ಬದಲು ಪರೀಕ್ಷಿಸಬಹುದು. ಹೋದ ಋತುವಿನ ಕೊನೆಯ ಎರಡು ಟೂರ್ನಿಗಳನ್ನು ಪಕ್ಕಕ್ಕಿಡಿ. ಉಳಿದವುಗಳಿಂದ ನಾಲ್ಕು ಪಟ್ಟಿ ಮಾಡಿ: ಅಂಕದ್ದು, ಹಿಂದೆ ಹಾಕಿದವರ ಶೇಕಡಾದ್ದು, ಮಧ್ಯಾಂಕದ್ದು, ಎಲೊ ಜಾತಿಯದು. ಈಗ ಪಕ್ಕಕ್ಕಿಟ್ಟ ಟೂರ್ನಿಗಳಲ್ಲಿ ಪ್ರತಿ ಜೋಡಿಯನ್ನೂ ನೋಡಿ. ಪಟ್ಟಿಯಲ್ಲಿ ಮೇಲಿದ್ದವರೇ ನೀರಿನಲ್ಲೂ ಮೇಲೆ ಬಂದರಾ? ನಾಣ್ಯ ಚಿಮ್ಮಿದರೂ ನೂರಕ್ಕೆ 50 ಸರಿ ಬರುತ್ತದೆ. ನಿಮ್ಮ ಪಟ್ಟಿ ಅದಕ್ಕಿಂತ ಎಷ್ಟು ಮೇಲಿದೆ ಅನ್ನುವುದೇ ಅದರ ಯೋಗ್ಯತೆ. ತುಂಬಾ ಎತ್ತರದ ಸಂಖ್ಯೆ ನಿರೀಕ್ಷಿಸಬೇಡಿ. ಐದು ಮೀನಿನ ಆಟದಲ್ಲಿ ಒಂದು ದಿನವನ್ನು ಮೊದಲೇ ಹೇಳುವುದು ಕಷ್ಟ.

ಬೇರೆ ಪ್ರದೇಶದವರು ಬಂದು ಆಡಿದ ಟೂರ್ನಿ ಇದ್ದರೆ ಅದನ್ನೇ ಪಕ್ಕಕ್ಕಿಡಿ. ನಿಮಗೆ ಬೇಕಿರುವುದು ಗಡಿ ದಾಟಿದ ಹೋಲಿಕೆ, ಪರೀಕ್ಷೆಯೂ ಅಲ್ಲೇ ಆಗಬೇಕು. ಎಲೊ ಮತ್ತು ಮಧ್ಯಾಂಕದ ಲೆಕ್ಕ ಹತ್ತಿರ ಹತ್ತಿರ ಬಂದರೆ ಮಧ್ಯಾಂಕದ್ದನ್ನೇ ಇಟ್ಟುಕೊಳ್ಳಿ. ಅದನ್ನು ಬೋಟ್ ರ್‍ಯಾಂಪ್ ಹತ್ತಿರ ನಿಂತು ಯಾರಿಗಾದರೂ ವಿವರಿಸಬಹುದು. ಪಟ್ಟಿ ಹೊರಗೆ ಹಾಕುವಾಗ ಪ್ರತಿ ಹೆಸರಿನ ಮುಂದೆ ಎಷ್ಟು ಟೂರ್ನಿ, ಎಷ್ಟು ಪ್ರದೇಶ ಅಂತಲೂ ಬರೆಯಿರಿ. ಅಂತರ ತೀರಾ ಕಡಿಮೆ ಇರುವವರಿಗೆ 11, 12, 13 ಅಂತ ಕೊಡದೆ ಒಂದೇ ಸ್ಥಾನ ಕೊಡಿ. ತಂಡಕ್ಕೆ ಕೊನೆಯ ಜಾಗ ಅವರ ನಡುವೆಯೇ ಬಂದರೆ, ಯಾರು ಹೊಸ ನೀರಿನಲ್ಲಿ ಜಾಸ್ತಿ ಆಡಿದ್ದಾರೆ ಅಂತ ನೋಡಿ ಅವರನ್ನು ಕಳಿಸಿ.